ಕಿಡಿ ತಪ್ಪಿದ ಮೋಟಾರು ಸೈಕಲ್ಲು

ಕಳೆದ ಕಾರ್ತಿಕ ಮಾಸದಲ್ಲಿ ಕೋಲಾರ ತಾಲ್ಲೂಕಿನ ಹೋಳೂರು ಹೋಬಳಿಯ ಒಂದು ಹಳ್ಳಿಯಲ್ಲಿರುವ ನನ್ನ ಭಾವಮೈದುನನ ಮನೆಗೆ ಹೋಗಿದ್ದೆನು. ಮೂರು ದಿನಗಳಿಂದ ಜಿನುಗುಮಳೆ ಹಿಡಿದಿದ್ದಿತು. ಬೆಳಗಿನ ಜಾವ ಇನ್ನೂ ಕತ್ತಲಿರುವಾಗಲೇ ಆತನು ಹಸುಗಳ ಹಾಲು ಕರೆದು, ಕ್ಯಾನನ್ನು ಮೋಟಾರು ಸೈಕಲ್ಲಿಗೆ ಬಿಗಿದು, ಡೈರಿಗೆ ಹೊರಟು ನಿಂತನು. ಇಕ್ಕಟ್ಟಾದ ಅಂಗಳದಲ್ಲಿ ಹ್ಯಾಂಡಲು ಎಡಕ್ಕೆ ತಿರುಗಿಕೊಂಡಿದ್ದ ಗಾಡಿಯನ್ನು ಒದೆದನು, ಯಂತ್ರವು ಏಳಲಿಲ್ಲ. ಇಪ್ಪತ್ತು ಬಾರಿ ಒದೆದನು, ಆಗಲೂ ಏಳಲಿಲ್ಲ. ಹಾರನ್ನು ಒತ್ತಿದರೆ ಊರೆಲ್ಲ ಎಚ್ಚರಗೊಳ್ಳುವಂತೆ ಕೂಗಿತು. ಪೆಟ್ರೋಲಿದ್ದಿತು, ಬ್ಯಾಟರಿಯಿದ್ದಿತು, ಪ್ರಾಣ ಮಾತ್ರವಿರಲಿಲ್ಲ. “ಮಳೆನೀರು ಹೊಕ್ಕಿರಬೇಕು ಭಾವ” ಎಂದು ಹೇಳಿ, ಕ್ಯಾನನ್ನು ತಲೆಯ ಮೇಲೆ ಹೊತ್ತು ನಡೆದನು. ಆತನು ತಲಪುವ ವೇಳೆಗೆ ಹಾಲು ತೆಗೆದುಕೊಳ್ಳುವ ಹೊತ್ತು ಮೀರಿದ್ದಿತು.

ಮಧ್ಯಾಹ್ನ ಪಟ್ಟಣದ ಒಬ್ಬ ರಿಪೇರಿಯವನನ್ನು ಕರೆತಂದುದಾಯಿತು. ಆತನು ಗಾಡಿಯನ್ನು ಬೀದಿಗೆ ತಳ್ಳಿಕೊಂಡು ಹೋಗಿ, ಕಾಯಿಲನ್ನೂ ಸಿ.ಡಿ.ಐ. ಪೆಟ್ಟಿಗೆಯನ್ನೂ ಬದಲಾಯಿಸಿದನು. ಯಂತ್ರವು ಎದ್ದಿತು. ಎಲ್ಲರೂ ಸಂತೋಷಪಟ್ಟರು. ಆದರೆ ಹದಿನೈದು ದಿನಗಳ ಹಾಲಿನ ಬಟವಾಡೆಯ ಹಣವೆಲ್ಲವೂ ಅದಕ್ಕೇ ಸರಿಹೋಯಿತು. ನಾಲ್ಕನೆಯ ದಿನ ಹತ್ತನೆಯ ತರಗತಿಯಲ್ಲಿ ಓದುತ್ತಿರುವ ಮಗಳನ್ನು ಪರೀಕ್ಷೆಗೆ ಕರೆದೊಯ್ಯುತ್ತಿರುವಾಗ ನಡುದಾರಿಯಲ್ಲಿ ಅದೇ ಗಾಡಿಯು ಹಿಂದಿನಂತೆಯೇ ನಿಂತುಬಿಟ್ಟಿತು. ಹುಡುಗಿಯು ಉಳಿದ ದೂರವನ್ನು ಓಡುತ್ತ ಹೋಗಿ, ಕಾಲು ಗಂಟೆ ತಡವಾಗಿ ಪರೀಕ್ಷೆಗೆ ಕುಳಿತಳು.

ಆ ಸಂಜೆ ನೆರೆಮನೆಯ ಹಿರಿಯರೊಬ್ಬರು ಬಂದರು. ಕೋಲಾರದ ಚಿನ್ನದ ಗಣಿಯ ವಿದ್ಯುತ್ ವಿಭಾಗದಲ್ಲಿ ಬಹುಕಾಲ ದುಡಿದು, ಗಣಿಯು 2001ರಲ್ಲಿ ಮುಚ್ಚಿದ ಮೇಲೆ ಊರಿಗೆ ಬಂದು ನೆಲಸಿದವರು. ಅವರು ಯಾವ ಉಪಕರಣವನ್ನೂ ಕೇಳಲಿಲ್ಲ. “ಅಪ್ಪಾ, ಗಾಡಿ ಎಲ್ಲಿ ನಿಂತಿತು? ಹೇಗೆ ನಿಂತಿತು? ಅದನ್ನು ಹೇಳು” ಎಂದರು. ನನ್ನ ಭಾವಮೈದುನನು ಮಳೆಯ ಮಾತನ್ನೆತ್ತಿದನು. ಬಾಗಿಲ ಬಳಿ ನಿಂತಿದ್ದ ಹುಡುಗಿಯು, “ತಾತ, ಎಡಗಡೆ ತಿರುವಿನಲ್ಲಿ ತಿರುಗಿಸುತ್ತಲೇ ನಿಂತಿತು. ದೀಪ ಮಾತ್ರ ಉರಿಯುತ್ತಲೇ ಇತ್ತು” ಎಂದಳು. ಹಿರಿಯರು ನಕ್ಕು, “ಹಾಗಾದರೆ ಅರ್ಧ ರಿಪೇರಿ ಮುಗಿಯಿತು” ಎಂದರು. ಅವರೇನು ಕಂಡರೆಂಬುದನ್ನು ಕಡೆಯಲ್ಲಿ ಹೇಳುವೆನು. ಅದನ್ನು ಅರಿಯುವುದಕ್ಕೆ ಮೊದಲು ಕಿಡಿಯು ಹುಟ್ಟಿ ನಡೆಯುವ ಹಾದಿಯನ್ನು ವಾಚಕರು ತಿಳಿಯುವುದು ಅವಶ್ಯವು.

ಕಿಡಿಯ ವೃತ್ತಾಂತ

ನಮ್ಮ ಜಿಲ್ಲೆಗೂ ವಿದ್ಯುಚ್ಛಕ್ತಿಗೂ ಇರುವ ನಂಟು ಹಳೆಯದು. ಕಾವೇರಿಯ ಶಿವನಸಮುದ್ರದಲ್ಲಿ ಉತ್ಪನ್ನವಾದ ವಿದ್ಯುತ್ತು ಸುಮಾರು 92 ಮೈಲಿಗಳ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿದುದು 1902ರಲ್ಲಿ. ಬೆಂಗಳೂರಿನ ಬೀದಿಗಳಿಗೆ ಆ ಬೆಳಕು ಬಂದುದು ಅದಕ್ಕೆ ಮೂರು ವರ್ಷಗಳ ತರುವಾಯ. ವಿಚಿತ್ರವೆಂದರೆ, ಅದೇ 1902ರಲ್ಲಿಯೇ ಜರ್ಮನಿಯ ರಾಬರ್ಟ್ ಬಾಷ್‌ರ ಕಾರ್ಖಾನೆಯಲ್ಲಿ ಗಾಟ್‌ಲೊಬ್ ಹೊನಾಲ್ಡ್ ಎಂಬಾತನು ಸ್ಪಾರ್ಕ್ ಪ್ಲಗ್ಗಿಗೆ ಅಧಿಕ ಒತ್ತಡದ ವಿದ್ಯುತ್ತನ್ನು ಒದಗಿಸುವ ಮ್ಯಾಗ್ನೆಟೊ ಯಂತ್ರವನ್ನು ಸಿದ್ಧಪಡಿಸಿದನು. ವೇಗವಾಗಿ ತಿರುಗುವ ಪೆಟ್ರೋಲ್ ಯಂತ್ರಗಳಿಗೆ ನಂಬಿಕೆಯ ಕಿಡಿಯು ದೊರೆತುದು ಆ ಬಳಿಕವೇ. ಅದೇ ಬಾಷ್ ಸಂಸ್ಥೆಯ ಸಂಬಂಧದಿಂದ 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪೆನಿಯು ಸ್ಥಾಪಿತವಾಗಿ, ‘ಮೈಕೋ’ ಎಂಬ ಹೆಸರಿನ ಪ್ಲಗ್ಗು ನಾಡಿನ ಮನೆಮನೆಗೂ ಪರಿಚಿತವಾಯಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರ ವರೆಗೆ ಜಾವಾ, ಯೆಜ್ದಿ ಗಾಡಿಗಳನ್ನು ತಯಾರಿಸಿತು. 2013ರಿಂದ ಕೋಲಾರದ ನರಸಾಪುರದಲ್ಲಿಯೇ ಹೋಂಡಾ ಸಂಸ್ಥೆಯ ಕಾರ್ಖಾನೆಯು ದ್ವಿಚಕ್ರ ವಾಹನಗಳನ್ನು ಕಟ್ಟುತ್ತಿದೆ. ಹೀಗೆ ಗಾಡಿಗಳು ನಮ್ಮ ಊರ ಬಾಗಿಲಲ್ಲಿಯೇ ಹುಟ್ಟುತ್ತಿದ್ದರೂ, ಅದು ನಿಂತಾಗ ಏಕೆ ನಿಂತಿತೆಂಬುದನ್ನು ತಿಳಿಯುವವರು ನಮ್ಮ ಮನೆಗಳಲ್ಲಿ ವಿರಳವಾಗಿರುವುದು ವಿಷಾದಕರವು.

ಪೆಟ್ರೋಲ್ ಯಂತ್ರವು ನಡೆಯುವುದಕ್ಕೆ ಮೂರು ಬೇಕು: ಪೆಟ್ರೋಲು ಮತ್ತು ಗಾಳಿಯ ಹದವಾದ ಮಿಶ್ರಣ, ಅದನ್ನು ಅದುಮುವ ಒತ್ತಡ, ಸರಿಯಾದ ಕ್ಷಣದಲ್ಲಿ ಕಿಡಿ. ಕಿಡಿಯ ಹಾದಿಯು ಹೀಗಿದೆ. ಯಂತ್ರದ ಪಕ್ಕದಲ್ಲಿ ತಿರುಗುವ ಅಯಸ್ಕಾಂತವು ತಂತಿಯ ಸುರುಳಿಗಳಲ್ಲಿ ವಿದ್ಯುತ್ತನ್ನು ಹುಟ್ಟಿಸುವುದು. ಕೆಲವು ಗಾಡಿಗಳಲ್ಲಿ ಈ ವಿದ್ಯುತ್ತೇ ನೇರವಾಗಿ ಸಿ.ಡಿ.ಐ. ಪೆಟ್ಟಿಗೆಗೆ ಹೋಗುವುದು, ಇಂತಹವು ಬ್ಯಾಟರಿ ಸತ್ತಿದ್ದರೂ ಒದೆತಕ್ಕೆ ಏಳುವುವು. ಮತ್ತೆ ಕೆಲವುಗಳಲ್ಲಿ ಬ್ಯಾಟರಿಯಿಂದ ಫ್ಯೂಸು, ಬೀಗದ ಸ್ವಿಚ್ಚು ಇವುಗಳನ್ನು ದಾಟಿ ಆ ಪೆಟ್ಟಿಗೆಗೆ ವಿದ್ಯುತ್ತು ಬರುವುದು. ಇಂತಹವುಗಳಿಗೆ ಬ್ಯಾಟರಿಯಿಲ್ಲದೆ ಗತಿಯಿಲ್ಲ. ಪೆಟ್ಟಿಗೆಯು ತಕ್ಕ ಕ್ಷಣದಲ್ಲಿ ಕಾಯಿಲಿಗೆ ಮಿಡಿತವನ್ನು ಕಳುಹಿಸಲು, ಕಾಯಿಲು ಅದನ್ನು ಹದಿನೈದು ಇಪ್ಪತ್ತು ಸಾವಿರ ವೋಲ್ಟುಗಳಿಗೆ ಏರಿಸಿ, ದಪ್ಪ ತಂತಿಯ ಮೂಲಕ ಪ್ಲಗ್ಗಿಗೆ ತಲಪಿಸುವುದು. ಪ್ಲಗ್ಗಿನ ತುದಿಯ ಸಣ್ಣ ಸಂದನ್ನು ಹಾರುವಾಗ ಕಿಡಿಯು ಕಾಣುವುದು. ಬಳಿಕ ವಿದ್ಯುತ್ತು ಯಂತ್ರದ ಲೋಹದ ಮೈಯಿಂದಲೇ ಹಿಂದಿರುಗುವುದು. ಹಳೆಯ ಗಾಡಿಗಳಲ್ಲಿ ಸಿ.ಡಿ.ಐ. ಪೆಟ್ಟಿಗೆಯ ಕೆಲಸವನ್ನು ತೆರೆದು ಮುಚ್ಚುವ ಲೋಹದ ಪಾಯಿಂಟುಗಳೂ ಒಂದು ಕಂಡೆನ್ಸರೂ ಮಾಡುತ್ತಿದ್ದುವು.

ಹಿರಿಯರು ಇದನ್ನು ಹೀಗೆ ವಿವರಿಸಿದರು: “ಕಪಿಲೆಯ ನೀರು ಮಡಿಗೆ ಬರಲಿಲ್ಲವೆಂದರೆ ಮಡಿಯನ್ನು ಅಗೆಯುತ್ತಾರೆಯೆ? ಬಾವಿಯಿಂದ ಕಾಲುವೆ ಹಿಡಿದು ನಡೆಯಬೇಕು. ಎಲ್ಲಿ ಒಡೆದಿದೆಯೋ ಅಲ್ಲಿ ನೆಲ ಒದ್ದೆಯಾಗಿರುತ್ತದೆ.” ವಿದ್ಯುತ್ತಿನ ದೋಷವನ್ನು ಹುಡುಕುವ ಶಾಸ್ತ್ರವೆಲ್ಲವೂ ಈ ಮಾತಿನಲ್ಲಿ ಅಡಗಿದೆ ಎನ್ನಬಹುದು.

ಮೊದಲು ಪ್ರಶ್ನೆ, ಆಮೇಲೆ ಸ್ಪ್ಯಾನರು

ವೈದ್ಯನು ನಾಡಿ ಹಿಡಿಯುವುದಕ್ಕೆ ಮುಂಚೆ ರೋಗಿಯ ಮಾತನ್ನು ಕೇಳುವಂತೆ, ಗಾಡಿಯ ವೃತ್ತಾಂತವನ್ನು ಮೊದಲು ಕೇಳತಕ್ಕದ್ದು. ದೀಪವಾರಿದಂತೆ ಥಟ್ಟನೆ ನಿಂತರೆ ದೋಷವು ಬಹುಮಟ್ಟಿಗೆ ಕಿಡಿಯದು. ಮುಗ್ಗರಿಸುತ್ತ, ಕೆಮ್ಮುತ್ತ, ನಿಧಾನವಾಗಿ ಶಕ್ತಿಗುಂದಿ ನಿಂತರೆ ಪೆಟ್ರೋಲಿನ ಕಡೆಗೆ ನೋಡಬೇಕು. ಚೆನ್ನಾಗಿ ಓಡಿ, ಕಾದ ಮೇಲೆ ನಿಂತು, ಅರ್ಧ ಗಂಟೆ ಆರಿದ ಬಳಿಕ ಏನೂ ಆಗದಂತೆ ಎದ್ದರೆ ಕಾಯಿಲನ್ನೋ, ಯಂತ್ರದ ಬದಿಯಲ್ಲಿರುವ ಮಿಡಿತದ ಸುರುಳಿಯನ್ನೋ ಸಂಶಯಿಸಬೇಕು. ಒಳಗಿನ ಕೂದಲೆಳೆಯಂತಹ ತಂತಿಯು ಬಿಸಿಗೆ ಹಿಗ್ಗಿ ಬೇರ್ಪಟ್ಟು, ತಣಿದಾಗ ಮತ್ತೆ ಕೂಡಿಕೊಳ್ಳುವುದುಂಟು. ಇಂತಹ ಗಾಡಿಯನ್ನು ತಣ್ಣಗಿರುವಾಗ ಪರೀಕ್ಷಿಸಿ ಪ್ರಯೋಜನವಿಲ್ಲ. ಮಳೆಯಲ್ಲಿ ಅಥವಾ ತೊಳೆದೊಡನೆ ಕೆಟ್ಟರೆ ಪ್ಲಗ್ಗಿನ ಟೋಪಿಯಲ್ಲಿ ನೀರು ನಿಂತಿರಬಹುದು. ಹಳ್ಳದಲ್ಲಿ ಕುಲುಕಿದಾಗ, ಹ್ಯಾಂಡಲನ್ನು ತಿರುಗಿಸಿದಾಗ ಕೆಟ್ಟರೆ ತಂತಿಯೊಂದು ಸಡಿಲವಾಗಿದೆ ಅಥವಾ ಸವೆದಿದೆ ಎಂದು ತಿಳಿಯಬೇಕು.

ಇದಾದ ಮೇಲೆ ನಗೆಪಾಟಲಿಗೆ ಎಡೆಕೊಡುವ ಸಣ್ಣ ಕಾರಣಗಳನ್ನು ನೋಡಬೇಕು. ಯಂತ್ರವನ್ನು ನಿಲ್ಲಿಸುವ ಕೆಂಪು ಸ್ವಿಚ್ಚನ್ನು ಮಕ್ಕಳು ಆಟಕ್ಕೆ ಒತ್ತಿರಬಹುದು. ಹೊಸ ಗಾಡಿಗಳು ಅನೇಕವು ಪಕ್ಕದ ಊರುಗೋಲು ಇಳಿದಿದ್ದರೆ ಏಳವು. ಟ್ಯಾಂಕಿನಲ್ಲಿ ಪೆಟ್ರೋಲೇ ಇಲ್ಲದಿರಬಹುದು. ಇವುಗಳನ್ನು ನೋಡದೆ ಪೇಟೆಯವರೆಗೆ ಗಾಡಿಯನ್ನು ತಳ್ಳಿಕೊಂಡು ಹೋದ ಸಂಭಾವಿತರನ್ನು ನಾನೇ ಬಲ್ಲೆನು.

ಬ್ಯಾಟರಿಯೂ ಫ್ಯೂಸೂ

ಬೀಗವನ್ನು ತಿರುಗಿಸಿ ಹಾರನ್ನು ಒತ್ತಿರಿ. ದನಿಯು ಕ್ಷೀಣವಾಗಿದ್ದರೆ ಅಥವಾ ಸ್ಟಾರ್ಟರನ್ನು ಒತ್ತಿದಾಗ ‘ಕಟ ಕಟ’ ಎಂದು ಸದ್ದು ಮಾತ್ರ ಬಂದರೆ ಬ್ಯಾಟರಿಯು ಬಳಲಿದೆ ಎಂದರ್ಥ, ಇಲ್ಲವೆ ಅದರ ಕೊಂಡಿಗಳು ಸಡಿಲವಾಗಿವೆ. ಕೊಂಡಿಗಳ ಮೇಲೆ ಬಿಳಿಯ ಅಥವಾ ಹಸುರು ಬಣ್ಣದ ಹುಡಿ ಕಟ್ಟಿದ್ದರೆ, ಕಳಚಿ, ಬಿಸಿನೀರಿನಲ್ಲಿ ಅಡಿಗೆಯ ಸೋಡಾ ಕರಗಿಸಿ ತೊಳೆದು, ಒರೆಸಿ, ಬಿಗಿದು, ಮೇಲೆ ಸ್ವಲ್ಪ ವ್ಯಾಸಲೀನು ಸವರತಕ್ಕದ್ದು. ಕಳಚುವಾಗ ಋಣದ ಕೊಂಡಿಯನ್ನು ಮೊದಲು, ಕೂಡಿಸುವಾಗ ಅದನ್ನೇ ಕಡೆಗೆ. ಈ ಕ್ರಮವನ್ನು ಮರೆಯಕೂಡದು. ಮರೆತರೆ ಸ್ಪ್ಯಾನರು ಲೋಹದ ಮೈಗೆ ತಗುಲಿ ಕಿಡಿ ಹಾರುವ ಅಪಾಯವಿದೆ.

ಮನೆಯಲ್ಲಿ ಒಂದು ಮಲ್ಟಿಮೀಟರನ್ನು ಇಟ್ಟುಕೊಳ್ಳುವುದು ಜಾಣತನ. ರಾತ್ರಿಯೆಲ್ಲ ಸುಮ್ಮನಿದ್ದ 12 ವೋಲ್ಟಿನ ಬ್ಯಾಟರಿಯು 12.6ರಷ್ಟನ್ನು ಅಥವಾ ಅದಕ್ಕೆ ಮೇಲ್ಪಟ್ಟು ತೋರಿಸಿದರೆ ತುಂಬಿದೆ, 12.2 ತೋರಿಸಿದರೆ ಸುಮಾರು ಅರ್ಧ; 12ಕ್ಕೆ ಕಡಮೆಯಾದರೆ ಬರಿದಾಗಿದೆ. ಸ್ಟಾರ್ಟರು ತಿರುಗುವಾಗ ಮುಳ್ಳು 9.5ಕ್ಕಿಂತ ಕೆಳಗಿಳಿದರೆ ಬ್ಯಾಟರಿಗೆ ಮುಪ್ಪು ಬಂದಿದೆ. ಯಂತ್ರವು ಎದ್ದ ಮೇಲೆ ತುಸು ವೇಗ ಕೊಟ್ಟು ನೋಡಿದಾಗ ಸಾಧಾರಣವಾಗಿ 13.8ರಿಂದ 14.7ರ ವರೆಗೆ ಇರಬೇಕು. 13ನ್ನು ದಾಟದಿದ್ದರೆ ಬ್ಯಾಟರಿಗೆ ಶಕ್ತಿಯು ತುಂಬುತ್ತಿಲ್ಲ. 15ನ್ನು ಮೀರಿದರೆ ರೆಗ್ಯುಲೇಟರು ಕೆಟ್ಟು ಹದ ತಪ್ಪಿದೆ, ಬಲ್ಬುಗಳು ಪದೇಪದೇ ಸುಡುವುದಕ್ಕೂ ಬ್ಯಾಟರಿಯು ಕುದಿಯುವುದಕ್ಕೂ ಅದೇ ಕಾರಣ. ಇದನ್ನು ನೋಡದೆ ವರ್ಷಕ್ಕೊಂದು ಬ್ಯಾಟರಿ ಕೊಳ್ಳುವವರು ತೂತುಕೊಡಕ್ಕೆ ನೀರು ತುಂಬುವವರಂತೆ. ಆದರೆ ಕೆಲವು ಹಳೆಯ ಗಾಡಿಗಳಲ್ಲಿ ಯಂತ್ರದ ವೇಗಕ್ಕೆ ತಕ್ಕಂತೆ ಮುಂದಿನ ದೀಪವು ಹಿಗ್ಗಿ ಕುಗ್ಗುವುದು ಸಹಜ, ಅದು ರೋಗವಲ್ಲ.

ಹಾರನ್ನೂ ದೀಪವೂ ಸಂಪೂರ್ಣವಾಗಿ ಸತ್ತಿದ್ದರೆ ಬ್ಯಾಟರಿಯ ಬಳಿಯಿರುವ ಫ್ಯೂಸನ್ನು ನೋಡಿರಿ. ಸುಟ್ಟಿದ್ದರೆ ಅದೇ ಅಳತೆಯ ಬೇರೊಂದನ್ನು ಹಾಕಿರಿ. ಅನೇಕ ಗಾಡಿಗಳಲ್ಲಿ ಒಂದು ಹೆಚ್ಚಿನದು ಅಲ್ಲಿಯೇ ಇರುವುದು. ಹೊಸದೂ ತಕ್ಷಣ ಸುಟ್ಟರೆ ಎಲ್ಲಿಯೋ ಒಂದು ತಂತಿಯು ಮೈಗೆ ತಗುಲಿದೆ. ಸಿಗರೇಟಿನ ಬೆಳ್ಳಿ ಕಾಗದವನ್ನೋ ದಪ್ಪ ತಂತಿಯನ್ನೋ ಫ್ಯೂಸಿನ ಬದಲಿಗೆ ತುರುಕುವವರುಂಟು. ಇದು ಮನೆಯ ಕಾವಲುಗಾರನನ್ನು ಕಟ್ಟಿಹಾಕಿ ಕಳ್ಳನಿಗೆ ಬಾಗಿಲು ತೆರೆದಂತೆ. ಫ್ಯೂಸು ಸುಡದಿದ್ದರೆ ಅದರ ಬದಲು ತಂತಿಗಳೇ ಸುಡುವುವು; ಮೇಲೆ ಪೆಟ್ರೋಲಿನ ಟ್ಯಾಂಕಿರುವುದನ್ನು ನೆನೆಯಬೇಕು.

ಕಿಡಿಯ ಪರೀಕ್ಷೆ

ಇಷ್ಟಾಗಿಯೂ ಯಂತ್ರವು ಏಳದಿದ್ದರೆ, ಕೆಲವು ಬಾರಿ ಒದೆದು, ಬೀಗವನ್ನು ಮುಚ್ಚಿ, ಪ್ಲಗ್ಗನ್ನು ಬಿಚ್ಚಿ ನೋಡಿರಿ. ತುದಿಯು ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಪೆಟ್ರೋಲು ಬರುತ್ತಿದೆ, ಕಿಡಿಯು ತಪ್ಪಿರಬಹುದು. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಬಣ್ಣವೂ ಮಾತನಾಡುವುದು. ತಿಳಿಯಾದ ಕಂದುಬಣ್ಣವು ಆರೋಗ್ಯದ ಲಕ್ಷಣ. ಒಣ ಕಾಡಿಗೆಯಂತಹ ಮಸಿಯಿದ್ದರೆ ಪೆಟ್ರೋಲು ಹೆಚ್ಚಾಗಿದೆ ಅಥವಾ ಗಾಳಿಯ ಸೋಸಣಿಗೆಯು ಕಟ್ಟಿದೆ. ಎಣ್ಣೆಯ ಜಿಡ್ಡಿದ್ದರೆ ಯಂತ್ರದೊಳಗೆ ಸವೆತವುಂಟು. ಸುಣ್ಣದಂತೆ ಬೆಳ್ಳಗಿದ್ದರೆ ಯಂತ್ರವು ಮಿತಿಮೀರಿ ಕಾಯುತ್ತಿದೆ. ತುದಿಯ ಸಂದು ಬಹುತೇಕ ಗಾಡಿಗಳಲ್ಲಿ 0.6ರಿಂದ 0.8 ಮಿಲಿಮೀಟರು, ಗಾಡಿಯೊಡನೆ ಬಂದ ಪುಸ್ತಕದಲ್ಲಿ ನಿಖರವಾದ ಅಳತೆಯಿರುವುದು.

ಬಳಿಕ ಕಿಡಿಯನ್ನು ಕಾಣಬೇಕು. ಇದಕ್ಕೆ ಮನೆಯಲ್ಲಿ ಎರಡನೆಯ ಪ್ಲಗ್ಗೊಂದನ್ನು ಇಟ್ಟಿರುವುದು ಮೇಲು. ಬಿಚ್ಚಿದ ಪ್ಲಗ್ಗನ್ನು ಯಂತ್ರಕ್ಕೆ ಮರಳಿ ಹಾಕಿ ರಂಧ್ರವನ್ನು ಮುಚ್ಚಿರಿ. ಎರಡನೆಯದನ್ನು ಟೋಪಿಗೆ ಸಿಕ್ಕಿಸಿ, ಅದರ ಲೋಹದ ಭಾಗವು ಬಣ್ಣವಿಲ್ಲದ ಯಂತ್ರದ ಮೈಗೆ ಚೆನ್ನಾಗಿ ತಗುಲುವಂತೆ ಇಟ್ಟು, ಬೀಗವನ್ನು ತೆರೆದು, ಮತ್ತೊಬ್ಬರಿಂದ ಒದೆಯಿಸಿರಿ. ನೆರಳಿನಲ್ಲಿ ನೋಡಿದರೆ ಸ್ಪಷ್ಟವಾಗುವುದು. ನೀಲಿಯಾಗಿ ‘ಚಟ್’ ಎಂದು ಹಾರಿದರೆ ಕಿಡಿಯು ಬಲವಾಗಿದೆ. ಕೆಂಪಾಗಿ ಸೊರಗಿದ್ದರೆ ದುರ್ಬಲ. ಈ ಪರೀಕ್ಷೆಯಲ್ಲಿ ಮೂರು ಎಚ್ಚರಿಕೆಗಳು ಬೇಕು. ಪೆಟ್ರೋಲು ಚೆಲ್ಲಿದ ಕಡೆ ಇದನ್ನು ಮಾಡಲೇಕೂಡದು. ಪ್ಲಗ್ಗನ್ನಾಗಲಿ ತಂತಿಯನ್ನಾಗಲಿ ಕೈಯಲ್ಲಿ ಹಿಡಿಯಕೂಡದು. ಪೆಟ್ಟು ಬಲವಾಗಿ ಬೀಳುವುದು. ಟೋಪಿಯನ್ನು ಗಾಳಿಯಲ್ಲಿ ತೆರೆದು ಬಿಟ್ಟು ಒದೆಯಕೂಡದು. ಹಾದಿ ಕಾಣದ ಕಿಡಿಯು ಕಾಯಿಲನ್ನೋ ಪೆಟ್ಟಿಗೆಯನ್ನೋ ಕೆಡಿಸೀತು.

ಹೊಸ ಪ್ಲಗ್ಗಿನಲ್ಲಿ ಕಿಡಿಯುಂಟಾಗಿ ಹಳೆಯದರಲ್ಲಿ ಇಲ್ಲವಾದರೆ ರೋಗವೂ ಔಷಧವೂ ಒಟ್ಟಿಗೇ ದೊರೆತುವು. ಎರಡರಲ್ಲಿಯೂ ಇಲ್ಲದಿದ್ದರೆ ಕಾಲುವೆಯ ಹಾದಿಯಲ್ಲಿ ಹಿಂದಕ್ಕೆ ನಡೆಯಿರಿ. ಟೋಪಿಯೊಳಗೆ ನೀರಿದ್ದರೆ ಒರೆಸಿರಿ, ಬಿರುಕಿದ್ದರೆ ಬದಲಾಯಿಸಿರಿ. ದಪ್ಪ ತಂತಿಯು ಕಾಯಿಲಿನಲ್ಲಿ ಬಿಗಿಯಾಗಿದೆಯೇ ನೋಡಿರಿ. ಕಾಯಿಲನ್ನು ಚಾಸಿಗೆ ಬಿಗಿದಿರುವ ಬೋಲ್ಟು ತುಕ್ಕು ಹಿಡಿದಿದ್ದರೆ ವಿದ್ಯುತ್ತು ಹಿಂದಿರುಗುವ ದಾರಿ ಮುಚ್ಚಿದಂತೆ. ಕೂಡುವ ಕೊಂಡಿಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ, ಹಸುರು ಕಟ್ಟಿದ್ದರೆ ಕೆರೆದು ಕೂಡಿಸಿರಿ. ಕೊಟ್ಟಿಗೆಯ ಬಳಿ ಹುಲ್ಲಿನ ಮೆದೆಯ ಮಗ್ಗುಲಲ್ಲಿ ಗಾಡಿ ನಿಲ್ಲಿಸುವವರು ಸೀಟಿನ ಕೆಳಗೆ ಇಲಿ ಕಡಿದಿದೆಯೇ ನೋಡುವುದನ್ನು ಮರೆಯಬಾರದು. ಕಡೆಯದಾಗಿ ಹ್ಯಾಂಡಲಿನ ಕೊರಳು. ಬೀಗ, ಸ್ವಿಚ್ಚು, ದೀಪ ಇವೆಲ್ಲವುಗಳ ತಂತಿಗಳೂ ಅಲ್ಲಿಯೇ ಹಾಯುವುವು. ದಿನಕ್ಕೆ ನೂರಾರು ಬಾರಿ ಬಾಗುವುವು. ಸವೆತವು ಅಲ್ಲಿ ಸಹಜ. ಬೆಲೆಬಾಳುವ ಕಾಯಿಲು, ಪೆಟ್ಟಿಗೆ ಮೊದಲಾದುವುಗಳನ್ನು ಬದಲಾಯಿಸುವುದು ಇವೆಲ್ಲವೂ ಮುಗಿದ ಮೇಲಿನ ಮಾತು.

ಹೊಸ ಗಾಡಿಗಳ ವಿಚಾರ

2020ರ ಏಪ್ರಿಲ್ 1ರಿಂದ ಭಾರತ್ ಸ್ಟೇಜ್ 6 ಎಂಬ ಹೊಗೆಯ ನಿಯಮವು ಜಾರಿಗೆ ಬಂದ ತರುವಾಯ ಹೆಚ್ಚಿನ ಗಾಡಿಗಳಲ್ಲಿ ಕಾರ್ಬುರೇಟರು ಹೋಗಿ, ಗಣಕವೊಂದು ಪೆಟ್ರೋಲನ್ನೂ ಕಿಡಿಯನ್ನೂ ಎರಡನ್ನೂ ಆಳುತ್ತಿದೆ. ಇಂತಹ ಗಾಡಿಗೆ ಬ್ಯಾಟರಿಯೇ ಜೀವನಾಡಿ. ಬೀಗವನ್ನು ತಿರುಗಿಸಿದೊಡನೆ ಟ್ಯಾಂಕಿನ ಒಳಗಿನ ಪಂಪು ಒಂದೆರಡು ಕ್ಷಣ ಗುಂಯ್‌ಗುಡುವುದು ಅನೇಕ ಗಾಡಿಗಳಲ್ಲಿ ಕೇಳಿಸುವುದು. ಎಂದಿನ ಆ ದನಿ ಕೇಳದಿದ್ದರೆ ಮೊದಲು ಬ್ಯಾಟರಿ, ಆಮೇಲೆ ಫ್ಯೂಸು ನೋಡಬೇಕು. ಯಂತ್ರದ ಚಿತ್ರವುಳ್ಳ ಹಳದಿ ದೀಪವು ಎದ್ದ ಮೇಲೂ ಆರದಿದ್ದರೆ ಅಥವಾ ಮಿಟುಕಿದರೆ ಗಣಕವು ದೋಷವೊಂದನ್ನು ಬರೆದಿಟ್ಟುಕೊಂಡಿದೆ ಎಂದರ್ಥ. ಅದನ್ನು ಓದುವ ಉಪಕರಣವಿದ್ದಲ್ಲಿಗೆ ಒಯ್ಯುವುದೇ ಲೇಸು. ಓಡುವ ಯಂತ್ರದಿಂದ ಬ್ಯಾಟರಿಯನ್ನು ಕಳಚುವುದು, ಕೊಂಡಿಗಳ ಮೇಲೆ ರಭಸದ ನೀರು ಹಾಯಿಸುವುದು ಇವೆರಡೂ ಗಣಕಕ್ಕೆ ಮಾರಕವಾಗಬಹುದು.

ಹಿರಿಯರು ಕಂಡುದು

ಇನ್ನು ನಮ್ಮ ಕಥೆಗೆ ಬರೋಣ. ಹಿರಿಯರು ಗಾಡಿಯನ್ನು ನೆಟ್ಟಗೆ ನಿಲ್ಲಿಸಿ ಒದೆಯಿಸಿದರು, ಯಂತ್ರವು ಎದ್ದಿತು. ಹ್ಯಾಂಡಲನ್ನು ಮೆಲ್ಲಗೆ ಎಡಕ್ಕೆ ತಿರುಗಿಸಿದರು, ಥಟ್ಟನೆ ನಿಂತಿತು. ನೆಟ್ಟಗೆ ಮಾಡಿದರು, ಎದ್ದಿತು. ಟಾರ್ಚು ಹಿಡಿದು ಕೊರಳಿನ ಬಳಿ ನೋಡಲು, ಒಂದು ತಂತಿಯ ಮೇಲ್ಹೊದಿಕೆಯು ಚಾಸಿಗೆ ಉಜ್ಜಿ, ಒಂದು ಅಕ್ಕಿಕಾಳಿನಷ್ಟು ಸವೆದು ತಾಮ್ರವು ಮಿನುಗುತ್ತಿದ್ದಿತು. ಅದು ಯಂತ್ರವನ್ನು ನಿಲ್ಲಿಸುವ ತಂತಿ. ಆ ಬಗೆಯ ಗಾಡಿಗಳಲ್ಲಿ ಆ ತಂತಿಯು ಮೈಗೆ ತಗುಲಿದರೆ ಸಾಕು, ಬೀಗವನ್ನು ಮುಚ್ಚಿದಂತೆಯೇ ಆಗಿ ಕಿಡಿಯು ನಿಲ್ಲುವುದು; ಹಾರನ್ನು ದೀಪಗಳಿಗೆ ಏನೂ ಆಗದು. ಅಂಗಳದಲ್ಲಿ ಹ್ಯಾಂಡಲು ಎಡಕ್ಕೆ ತಿರುಗಿದ್ದುದರಿಂದ ಅಂದು ಏಳಲಿಲ್ಲ. ರಿಪೇರಿಯವನು ಬೀದಿಗೆ ತಂದು ನೆಟ್ಟಗೆ ನಿಲ್ಲಿಸಿದುದರಿಂದ ಎದ್ದಿತು, ಹೊಸ ಕಾಯಿಲಿನಿಂದಲ್ಲ. ಮಳೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಸವೆದ ಕಡೆಗೆ ಟೇಪು ಸುತ್ತಿ, ಮೇಲೊಂದು ರಬ್ಬರಿನ ಕೊಳವೆ ತೊಡಿಸಿ, ತಂತಿಗಳ ಕಟ್ಟನ್ನು ಚಾಸಿಗೆ ತಗುಲದಂತೆ ಸರಿಸಿ ಕಟ್ಟಿದುದಾಯಿತು. ಕಳಚಿದ ಹಳೆಯ ಭಾಗಗಳನ್ನು ನನ್ನ ಭಾವಮೈದುನನು ಕೇಳಿ ಇಟ್ಟುಕೊಂಡಿದ್ದುದು ಒಳ್ಳೆಯದಾಯಿತು. ಹಿರಿಯರು ಅವನ್ನೇ ಮತ್ತೆ ಹಾಕಿಸಿದರು. ಗಾಡಿಯು ಸರಾಗವಾಗಿ ಓಡಿತು. ಅವು ಕೆಟ್ಟಿರಲೇ ಇಲ್ಲ. ರಿಪೇರಿಯವನನ್ನು ಮೋಸಗಾರನೆನ್ನುವುದು ನ್ಯಾಯವಲ್ಲ; ಕಿಡಿಯಿಲ್ಲವೆಂಬುದನ್ನು ಆತನು ಸರಿಯಾಗಿಯೇ ಕಂಡಿದ್ದನು. ಏಕಿಲ್ಲವೆಂದು ಕೇಳುವ ವ್ಯವಧಾನ ಆತನಿಗಿರಲಿಲ್ಲ. ಹೇಳುವ ಅರಿವು ನಮಗಿರಲಿಲ್ಲ. ಹಾಲಿನ ಹಣವು ಹಿಂದಿರುಗಿ ಬರಲಿಲ್ಲ.

ಹೊರಡುವಾಗ ಹಿರಿಯರು ಹುಡುಗಿಯ ತಲೆಯನ್ನು ಸವರಿ, “ಕಂಡದ್ದನ್ನು ಕಂಡಂತೆ ಹೇಳಿದೆಯಲ್ಲಮ್ಮ, ಅದಕ್ಕಿಂತ ದೊಡ್ಡ ಮೀಟರು ಯಾವುದೂ ಇಲ್ಲ” ಎಂದರು. ಮರುದಿನ ಬೆಳಗ್ಗೆ ಮಳೆಯು ಇನ್ನೂ ಜಿನುಗುತ್ತಲೇ ಇದ್ದಿತು. ಅಂಗಳದಲ್ಲಿ ಹ್ಯಾಂಡಲು ಎಂದಿನಂತೆ ಎಡಕ್ಕೆ ತಿರುಗಿದ್ದಿತು. ಮೊದಲನೆಯ ಒದೆತಕ್ಕೇ ಯಂತ್ರವೆದ್ದು, ಹಾಲಿನ ಕ್ಯಾನು ಹೊತ್ತಿಗೆ ಸರಿಯಾಗಿ ಡೈರಿಯನ್ನು ಸೇರಿತು. ಹುಡುಗಿಯು ಒಂದು ಹಳೆಯ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ‘ಗಾಡಿಯ ಲೆಕ್ಕ’ ಎಂದು ಬರೆದು, ಅದು ಯಾವ ದಿನ, ಎಲ್ಲಿ, ಹೇಗೆ ನಿಂತಿತೆಂಬುದನ್ನು ಗುರುತು ಹಾಕಿಟ್ಟಳು. ಗಾಡಿಯಿರುವ ಪ್ರತಿಯೊಂದು ಮನೆಯಲ್ಲಿಯೂ ಅಂತಹ ಒಂದು ಪುಸ್ತಕ, ಒಂದು ಪ್ಲಗ್ಗು, ಎರಡು ಫ್ಯೂಸು, ಒಂದು ಸುರುಳಿ ಟೇಪು ಇರುವುದಾದರೆ ಗೃಹಸ್ಥರಿಗೆ ಅರ್ಧ ಚಿಂತೆಯು ತಪ್ಪುವುದು.